ಓಣಿ ಕರೆಯುತ್ತಿದ್ದ ಅಕ್ಕ

ನನ್ನ ಅಕ್ಕನಷ್ಟು ಅಂಜುವ ಮನುಷ್ಯರನ್ನು ನಾನು ನೋಡಿಲ್ಲ. ಬಸ್ ಸ್ಟ್ಯಾಂಡಿನ ಮುಂದಿನ ರಸ್ತೆ ದಾಟಬೇಕಾದರೆ ಗುರುತಿಲ್ಲದ ಹೆಂಗಸರ ಸೆರಗು ಹಿಡಿದು ದಾಟುತ್ತಿದ್ದಳು. ಫೋನ್ ಬಂದರೆ ಮೊದಲು ಅದನ್ನು ನೆಲದ ಮೇಲಿಟ್ಟು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಆಮೇಲೆ ಎತ್ತುತ್ತಿದ್ದಳು. ನಗರಸಭೆಯ ಮೆಟ್ಟಿಲು ಹತ್ತುವಾಗ ಮೆಟ್ಟಿಲಿಗೊಮ್ಮೆ ಮನೆದೇವರು ಬೀರಪ್ಪನ ಹೆಸರು ಹೇಳುತ್ತಿದ್ದಳು. ಹದಿನಾಲ್ಕು ಮೆಟ್ಟಿಲು, ಹದಿನಾಲ್ಕು ಸಲ ಬೀರಪ್ಪ. ಅಂಥವಳು ಸಾಯುವ ತನಕ ನಮ್ಮ ಓಣಿಯ ಸಂಘದ ಕಾರ್ಯದರ್ಶಿಯಾಗಿದ್ದಳು.

ನಾನು ಧೈರ್ಯದವನೆಂದು ಓಣಿಯಲ್ಲಿ ಹೆಸರು. ಬಾವಿಗೆ ಬಿದ್ದ ಎಮ್ಮೆಯ ಕರುವನ್ನು ಹಗ್ಗ ಕಟ್ಟಿಕೊಂಡು ಇಳಿದು ಎತ್ತಿದ್ದೇನೆ. ಮನೆ ಹೊಕ್ಕ ಹಾವುಗಳನ್ನು ಹಿಡಿದು ಊರ ಹೊರಗೆ ಬಿಟ್ಟಿದ್ದೇನೆ. ಅವಳು ಅಂಜುಬುರುಕಿ, ನಾನು ಧೈರ್ಯವಂತ ಎಂಬ ಈ ಎರಡೂ ಮಾತು ಸುಳ್ಳೆಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಹೋದಳು. ಉಳಿದವನು ಇದನ್ನು ಬರೆಯುತ್ತಿದ್ದೇನೆ.

ಐದನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಊರಿನ ಹೆಸರು ಬರೆಯುವುದಿಲ್ಲ, ಬಾಗಲಕೋಟೆ ಜಿಲ್ಲೆಯದು ಎಂದರೆ ಸಾಕು. ಅಂಜಿಕೆ ಇನ್ನೂ ಹೋಗಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳನ್ನು ಹುನಗುಂದಕ್ಕೆ ಕೊಟ್ಟಿದ್ದರು. ಅವಳ ಗಂಡ, ನನ್ನ ಮಾವ, ತೀರಿಕೊಂಡ ಮೇಲೆ ಒಂದು ಟ್ರಂಕು, ಗಂಡನ ಸೈಕಲ್ಲು, ಇವೆರಡರ ಜೊತೆ ನನ್ನ ಮನೆಗೆ ಬಂದಳು. ಆ ಸೈಕಲ್ಲನ್ನು ಯಾರೂ ಹೊಡೆಯಲಿಲ್ಲ. ಹಿತ್ತಲ ಗೋಡೆಗೆ ಒರಗಿಸಿ ಅಮಾವಾಸ್ಯೆಗೊಮ್ಮೆ ಒರೆಸಿ, ಹ್ಯಾಂಡಲ್ಲಿಗೆ ಬೀರಪ್ಪನ ಭಂಡಾರದ ಅರಿಸಿನ ಹಚ್ಚುತ್ತಿದ್ದಳು. ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡುವುದು ಅವಳ ಉದ್ಯೋಗ. ನನ್ನದು ನಗರಸಭೆಯಲ್ಲಿ ನೀರು ಬಿಡುವ ಕೆಲಸ, ಗುತ್ತಿಗೆಯ ಮೇಲೆ. ಉದ್ದನೆಯ ಕಬ್ಬಿಣದ ಚಾವಿ ಹೆಗಲ ಮೇಲಿಟ್ಟುಕೊಂಡು ಹೋಗಿ ಓಣಿಯಿಂದ ಓಣಿಗೆ ವಾಲ್ವ್ ತಿರುಗಿಸುತ್ತೇನೆ. ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನೀರಿನ ಪಾಳಿ.

ಆಗ ಹೊಸದಾಗಿ ಬಂದ ಪೌರಾಯುಕ್ತರು ಮೈಸೂರು ಕಡೆಯ ತರುಣರು. ಅವರು ಓಣಿಗೊಂದು ಸಂಘ ಕಟ್ಟಲು ಹೇಳಿ, ಪ್ರತಿ ಸಂಘಕ್ಕೆ ಗಟ್ಟಿ ರಟ್ಟಿನ ಒಂದು ಪುಸ್ತಕ ಕೊಟ್ಟರು. ಎಡಗಡೆಯ ಪುಟ ಓಣಿಯದು, ಬಲಗಡೆಯ ಪುಟ ನಗರಸಭೆಯದು. ಓಣಿಯವರು ತಮ್ಮ ತಕರಾರನ್ನು ಎಡಕ್ಕೆ ಬರೆಯಬೇಕು. ಪ್ರತಿ ತಿಂಗಳ ಮೊದಲ ಬುಧವಾರ ಸಮುದಾಯ ಭವನದಲ್ಲಿ ಸಾಹೇಬರು ತಮ್ಮ ಸಿಬ್ಬಂದಿಯೊಂದಿಗೆ ಬಂದು ಕೂತು, ಅದಕ್ಕೆ ಬಲಕ್ಕೆ ಉತ್ತರ ಬರೆಯಬೇಕು. ಷರತ್ತು ಒಂದೇ. ಕೇಳಿದ ಮಾತು ಬರೆಯುವಂತಿಲ್ಲ, ಕಣ್ಣಾರೆ ಕಂಡವರು ಆ ಸಾಲಿನ ಕೆಳಗೆ ಸಹಿ ಮಾಡಬೇಕು.

ಗುಡಿಯ ಕಟ್ಟೆಯ ಮೇಲೆ ಓಣಿ ಕೂಡಿದಾಗ ಅಧ್ಯಕ್ಷರಾಗಲು ಐದು ಮಂದಿ ಎದ್ದರು, ಕಾರ್ಯದರ್ಶಿಯಾಗಿ ಪುಸ್ತಕ ಹಿಡಿಯಲು ಒಬ್ಬರೂ ಏಳಲಿಲ್ಲ. ಅಕ್ಕ ಏಳನೆಯತನಕ ಕಲಿತಿದ್ದಳು. ಯಾರೋ ಚೇಷ್ಟೆಗೆ, “ಅಕ್ಕನ ಕೈಯಾಗ ಕೊಡ್ರಿ. ರೊಟ್ಟಿ ಗುಂಡಗ ಬಡೀತಾಳ, ಅಕ್ಷರಾನೂ ಗುಂಡಗ ಬರೀತಾಳ” ಎಂದರು. ನಗೆಯ ನಡುವೆ ಪುಸ್ತಕ ಅವಳ ಮಡಿಲಿಗೆ ಬಂತು. ಅವತ್ತು ಮನೆಗೆ ಬಂದು ಜ್ವರ ಬಂದವರಂತೆ ಮಲಗಿಬಿಟ್ಟಳು.

ಸಭೆಗೆ ಕರೆಯುವುದೆಂದರೆ ಚೀಟಿ ಅಂಟಿಸುವುದೆಂದು ಅವಳಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ತೊಟ್ಟಿಲಿಗಾಗಲಿ ಮದುವೆಗಾಗಲಿ ಮನೆಮನೆಗೆ ಹೋಗಿ ಕರೆದರೇ ಅದು ಕರೆದ ಹಾಗೆ. ಅಕ್ಕ ನಗರಸಭೆಯ ಸಭೆಗೂ ಹಾಗೆಯೇ ಕರೆದಳು. ಕುಂಕುಮದ ಬಟ್ಟಲು ಹಿಡಿದರೆ ಎಲ್ಲ ಮನೆಗೂ ನಡೆಯುವುದಿಲ್ಲ, ಓಣಿಯಲ್ಲಿ ಎಲ್ಲ ತರಹದವರೂ ಇದ್ದಾರೆ. ಹಾಗಾಗಿ ಸ್ಟೀಲಿನ ಬಟ್ಟಲಲ್ಲಿ ಸಕ್ಕರೆ ತುಂಬಿಕೊಂಡು ಹೋಗುತ್ತಿದ್ದಳು. ಅಂಗೈಗೆ ಒಂದು ಚಮಚ ಸಕ್ಕರೆ ಹಾಕಿ, “ಬುಧವಾರ ಕೂಡೂದೈತ್ರಿ, ತಪ್ಪಸಬ್ಯಾಡ್ರಿ” ಎನ್ನುವಳು. ಅವಳ ಕೈ ಸದಾ ನಡುಗುತ್ತಿತ್ತು. ಬಟ್ಟಲಿಗೆ ಚಮಚ ತಾಗಿ ಕಿಣಿಕಿಣಿ ಸದ್ದಾಗುತ್ತಿತ್ತು. ಅವಳು ಬಾಗಿಲು ತಟ್ಟುವ ಮೊದಲೇ ಓಣಿಯ ಬಾಗಿಲುಗಳು ತೆರೆಯುತ್ತಿದ್ದವು.

ಬಂದವರಿಗೆ ಮೊದಲು ಒಂದು ತಂಬಿಗೆ ನೀರು ಕೊಡುವುದು ಈ ಕಡೆಯ ರೂಢಿ. ಕುಡಿಯದೆ ಎದ್ದರೆ ಆ ಮನೆಯನ್ನು ಅವಮಾನಿಸಿದಂತೆ. ನಮ್ಮದು ಬಿಟ್ಟು ಓಣಿಯಲ್ಲಿ ಇಪ್ಪತ್ತೇಳು ಮನೆ. ಅಕ್ಕ ಒಂದೊಂದರಲ್ಲೂ ಒಂದು ಗುಟುಕು ಕುಡಿಯುವಳು. ಸಂಜೆ ಮನೆಗೆ ಬಂದು, “ಹೊಟ್ಟಿ ಕೆರಿ ಆಗೇತಿ, ನಾಳಿ ಪಾಳಿ ಬಿಡಬ್ಯಾಡ, ನನ್ನ ಹೊಟ್ಟಿಗೇ ಒಂದು ವಾಲ್ವ್ ಕೂಡಿಸು” ಎಂದು ನಗುತ್ತಿದ್ದಳು.

ಸಭೆಯಲ್ಲಿ ಬಾಗಿಲ ಬಳಿಯೇ ಕೂಡುತ್ತಿದ್ದಳು, ಬೇಕೆಂದಾಗ ಓಡಿಹೋಗಲು. ಎದ್ದು ನಿಂತರೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತಿದ್ದಳು. ಒಮ್ಮೆ ತಿರುವಿನ ದೀಪ ಹತ್ತುತ್ತಿಲ್ಲವೆಂದು ಓದಿದಾಗ ಒಬ್ಬ ಎಂಜಿನಿಯರು ಕೂತಲ್ಲಿಂದಲೇ, ನಮ್ಮ ದಾಖಲೆಯಲ್ಲಿ ಅದು ಹತ್ತುತ್ತಿದೆ ಎಂದರು. ಪುಸ್ತಕದ ಹಿಂದಿನಿಂದ ಅಕ್ಕನ ಸಣ್ಣ ದನಿ ಬಂತು: “ಹತ್ತಿದ್ದು ಯಾರು ಕಂಡಾರ್ರಿ? ಅವರ ಸಹಿ ಎಲ್ಲೈತ್ರಿ?” ಭವನವೆಲ್ಲ ನಕ್ಕಿತು. ಪೌರಾಯುಕ್ತರೂ ನಕ್ಕರು. ಎಂಟು ದಿನದೊಳಗೆ ದೀಪ ಹತ್ತಿತು. ಕಸದ ಗಾಡಿ ಹೊತ್ತಿಗೆ ಸರಿಯಾಗಿ ಬರತೊಡಗಿತು. ಸಾಲಿಯ ಮುಂದಿನ ಗಟಾರದ ಮೇಲೆ ಹಾಸುಗಲ್ಲು ಬಿದ್ದವು. ಬಲಗಡೆಯ ಪುಟದಲ್ಲಿ ಸಾಹೇಬರ ಉತ್ತರಗಳು ಒಂದೊಂದಾಗಿ ತುಂಬಿದವು. ಇದನ್ನು ಒತ್ತಿ ಹೇಳುತ್ತೇನೆ. ಅವರು ಕೇಳುವ ಮನುಷ್ಯರಾಗಿದ್ದರು. ಹೇಳಬೇಕಾದವನು ಹೇಳಿದ್ದರೆ ಸಾಕಿತ್ತು.

ದೀಪದ ಮಾತೆತ್ತಿದ ದಿನ ಸಭೆಯಿಂದ ಬರುತ್ತ ಅವಳ ಕೈ ತಣ್ಣಗಾಗಿತ್ತು. ಇಷ್ಟು ಅಂಜುವವಳು ಯಾಕೆ ಹೋಗುತ್ತೀ ಎಂದು ಕೇಳಿದೆ.

“ಅಂಜಿಕಿ ನಂದೋ ತಮ್ಮಾ. ಮಾತು ಓಣಿದು,” ಎಂದಳು. “ನನ್ನ ಅಂಜಿಕಿಗೆ ಓಣಿ ಯಾಕ ಕತ್ತಲದಾಗ ಕೂಡಬೇಕು?”

ಎರಡನೆಯ ವರ್ಷದ ಮಳೆಗಾಲದಲ್ಲಿ ಅದು ನಡೆಯಿತು. ಇಪ್ಪತ್ತನೆಯ ಮನೆಯ ಮುಂದೆ ಕುಡಿಯುವ ನೀರಿನ ಪೈಪು ಗಟಾರದೊಳಗೆ ಹಾಯ್ದು ಹೋಗುತ್ತಿತ್ತು. ಅಲ್ಲಿನ ಜೋಡಣೆ ಬಾಯಿ ಬಿಟ್ಟದ್ದನ್ನು ಮೊದಲು ಕಂಡವನು ನಾನು. ನನ್ನ ಮೇಲಿನ ಮೇಸ್ತ್ರಿಗೆ ಹೇಳಿದೆ. ಸದ್ಯಕ್ಕೆ ಏನಾದರೂ ಸುತ್ತು, ಮಳೆ ನಿಂತ ಮೇಲೆ ನೋಡೋಣ ಎಂದ. ಕೈಗೆ ಏನೂ ಸಿಗಲಿಲ್ಲ. ಮನೆಗೆ ಬಂದು ಮಾವನ ಸೈಕಲ್ಲಿನ ಹಿಂದಿನ ಗಾಲಿಯ ಟ್ಯೂಬ್ ತೆಗೆದು, ಟೈರನ್ನು ಇದ್ದ ಹಾಗೆಯೇ ಕೂಡಿಸಿ, ಟ್ಯೂಬನ್ನು ಒಯ್ದು ಪೈಪಿಗೆ ಸುತ್ತಿ ತಂತಿ ಬಿಗಿದೆ. ಟ್ಯೂಬಿನ ಮೇಲೆ ಕೆಂಪು ರಬ್ಬರಿನ ಒಂದು ತೇಪೆ ಇತ್ತು.

ಇದು ತಡೆಯುವುದಿಲ್ಲ, ಅಕ್ಕನ ಪುಸ್ತಕದಲ್ಲಿ ಬರೆಸಿದರೆ ಬೇಗ ಆಗುತ್ತದೆ ಎಂದೆ. ಮೇಸ್ತ್ರಿ ನನ್ನ ಹೆಗಲ ಮೇಲೆ ಕೈ ಇಟ್ಟ.

“ಪುಸ್ತಕದಾಗ ಬಂತಂದ್ರ ಇದನ್ನ ಸುತ್ತಿದಾವ ಯಾರು ಅಂತ ಮೊದಲ ಕೇಳ್ತಾರ. ನನ್ನ ಹೆಸರು ಬರೂದಿಲ್ಲ, ನಿಂದು ಬರ್ತೈತಿ. ಆಮ್ಯಾಲೆ ಚಾವಿ ಇಲ್ಲಿಟ್ಟು ಮನಿಗೆ ಹೋಗು.”

ನೀರು ಬಿಟ್ಟಿರುವಷ್ಟು ಹೊತ್ತು ಭಯವಿಲ್ಲ, ಪೈಪಿನ ನೀರು ಹೊರಗೆ ತಳ್ಳುತ್ತಿರುತ್ತದೆ. ನಿಲ್ಲಿಸಿದಾಗ ಖಾಲಿಯಾದ ಪೈಪು ಗಟಾರವನ್ನು ಒಳಗೆ ಎಳೆದುಕೊಳ್ಳುತ್ತದೆ. ಈ ಕೆಲಸ ಮಾಡುವ ಯಾರಿಗಾದರೂ ಇದು ಗೊತ್ತು. ನನಗೂ ಗೊತ್ತಿತ್ತು. ಆದರೂ ಪ್ರತಿ ಪಾಳಿಯಂದು ವಾಲ್ವ್ ಮುಚ್ಚುತ್ತಿದ್ದವನು ನಾನೇ. ನಮ್ಮ ಮನೆ ಓಣಿಯ ಬಾಯಿಯಲ್ಲೇ ಇದೆ. ನಮ್ಮ ನಲ್ಲಿಯ ನೀರು ಚೆನ್ನಾಗಿತ್ತು.

ಮುಂದಿನ ಬುಧವಾರದ ಸಭೆಗೆ ಓಣಿ ಕರೆದು ಬಂದ ಅಕ್ಕ ಅವತ್ತು ಕೆರೆಯ ಚೇಷ್ಟೆ ಮಾಡಲಿಲ್ಲ. ಬಟ್ಟಲು ಬದಿಗಿಟ್ಟು ನನ್ನ ಮುಂದೆ ಕೂತಳು.

“ತಮ್ಮಾ, ಹತ್ತೊಂಬತ್ತು ಮನಿತನಕ ನೀರು ನೀರಿನಂಗ ಐತಿ. ಇಪ್ಪತ್ತನೇ ಮನಿಯಿಂದ ಬ್ಯಾರೆ ಐತಿ. ಕಡೀ ಮನಿತನಕ ಹಂಗ ಐತಿ. ಅಲ್ಲೇ ಎಲ್ಲೋ ಆಗೇತಿ. ನೋಡಿ ಬಾ.”

ಯಾವ ಯಂತ್ರವೂ ಇಲ್ಲದೆ, ಬರೀ ಗುಟುಕಿನಿಂದ, ನಾನು ತಂತಿ ಬಿಗಿದ ಜಾಗವನ್ನು ಹಿಡಿದಿದ್ದಳು. ಪುಸ್ತಕ ತೆಗೆದು ಎಡಗಡೆಯ ಪುಟದಲ್ಲಿ ‘ಇಪ್ಪತ್ತನೆಯ ಮನೆಯಿಂದ ಮುಂದೆ ನೀರು’ ಎಂದು ಬರೆದು ನಿಲ್ಲಿಸಿದಳು. ಕಂಡವರು ಬೇಕಿತ್ತಲ್ಲ.

ನಾನು ಹೋದೆ. ಗಟಾರದ ಬಳಿ ಒಂದು ಬೀಡಿ ಸೇದುವಷ್ಟು ಹೊತ್ತು ನಿಂತೆ. ಬಗ್ಗಿಯೂ ನೋಡಲಿಲ್ಲ. ಮರಳಿ ಬಂದು, “ನೋಡೀನಿ. ಏನೂ ಇಲ್ಲ. ಮಳಿಗಾಲದಾಗ ನೀರಿಗೆ ಹಂಗ ವಾಸನಿ ಇರ್ತೈತಿ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟ ತಾಳದೆ, ಬೀರಪ್ಪನ ಆಣೆ ಮಾಡಲೇನು ಎಂದುಬಿಟ್ಟೆ.

“ಬ್ಯಾಡ. ದೇವರನ್ನ ಯಾಕ ನಡು ತರತಿ? ನೀ ಕಂಡಿ, ನೀ ಹೇಳಿದಿ. ಮುಗೀತು,” ಎಂದಳು. ಬರೆದ ಅರ್ಧ ಸಾಲನ್ನು ಹೊಡೆದುಹಾಕಿ, “ನನ್ನ ನಾಲಿಗಿನ ಕೆಟ್ಟೈತಿ ಏನೋ” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಚಪ್ಪಲಿ ಮೆಟ್ಟಿ ಮತ್ತೆ ಹೊರಗೆ ಹೋದಳು. ಕೊನೆಯ ಎಂಟು ಮನೆಗಳಿಗೆ ಹೋಗಿ, ಅಂಜಬೇಡಿ, ನೀರು ಚೆನ್ನಾಗಿದೆ ಎಂದು ಹೇಳಿ ಬಂದಳು.

ಸಭೆಯಲ್ಲಿ ಪೌರಾಯುಕ್ತರು, “ನೀರಿನದೇನಾದರೂ ಇದೆಯೇನಮ್ಮಾ?” ಎಂದು ತಾವಾಗಿಯೇ ಕೇಳಿದರು. ಮೇಸ್ತ್ರಿ ಅವರ ಹಿಂದೆ ನಿಂತಿದ್ದ. ನಾನು ಗೋಡೆಗೆ ಆತುಕೊಂಡಿದ್ದೆ. ಅಕ್ಕ ಎದ್ದಳು. ಆ ದಿನ ಅವಳ ಕೈ ನಡುಗಲಿಲ್ಲ, ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯಲೂ ಇಲ್ಲ. “ಇಲ್ರಿ ಸಾಹೇಬ್ರ. ನಮ್ಮ ತಮ್ಮ ನೋಡ್ಯಾನ,” ಎಂದಳು. ನಾನು ಬಾಯಿ ತೆರೆದೆ. ಮೇಸ್ತ್ರಿ ನೋಡಿದ. ಆಕಳಿಸಿದವನಂತೆ ಮಾಡಿ ಮುಚ್ಚಿಕೊಂಡೆ.

ಹತ್ತು ದಿನಕ್ಕೆ ಕೊನೆಯ ಮನೆಗಳಲ್ಲಿ ವಾಂತಿಭೇದಿ ಶುರುವಾಯಿತು. ಕಟ್ಟಕಡೆಯ ಮನೆಯ ಹಿರಿಯಳನ್ನು ಓಣಿಯೆಲ್ಲ ಇಳಕಲ್ಲವ್ವ ಎನ್ನುತ್ತದೆ, ಅವಳ ತವರು ಇಳಕಲ್ಲು. ಅವಳ ಆರು ವರ್ಷದ ಮೊಮ್ಮಗಳನ್ನು ದವಾಖಾನಿಗೆ ಸೇರಿಸಿದರು. ಮಗು ಬದುಕಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಒಂಬತ್ತು ದಿನ ಅದು ನಮಗೆ ಗೊತ್ತಿರಲಿಲ್ಲ. ಒಂಬತ್ತು ದಿನವೂ ನಾನು ದವಾಖಾನಿಯ ಗೇಟಿನ ತನಕ ಹೋಗಿ ಮರಳಿ ಬಂದೆ. ಒಳಗಿನಿಂದ ಯಾರಾದರೂ ಅಳುತ್ತ ಬಂದರೆ ಅವರು ಯಾರೆಂದು ನೋಡುವ ಮೊದಲೇ ತಿರುಗಿ ನಡೆಯುತ್ತಿದ್ದೆ.

ಪೌರಾಯುಕ್ತರು ತಾವೇ ಬಂದು ನಿಂತು ಗಟಾರ ಬಿಡಿಸಿ ನೋಡಲು ಹೇಳಿದರು. ಇಳಿಯಲು ಹೇಳಿದ್ದು ನನಗೇ. ಕೆಸರಿನಲ್ಲಿ ಬಗ್ಗಿ ತಂತಿ ಕತ್ತರಿಸಿ ಟ್ಯೂಬನ್ನು ಕಿತ್ತೆ. ಕಿಸೆಗೆ ತುರುಕಬೇಕೆಂದು ತಲೆ ಎತ್ತಿದರೆ, ಗಟಾರದ ಅಂಚಿನಲ್ಲಿ ಹೆಂಗಸರ ನಡುವೆ ಅಕ್ಕ ನಿಂತಿದ್ದಳು. ಕೆಂಪು ತೇಪೆ ನನ್ನ ಬೆರಳುಗಳ ನಡುವೆ ಕಾಣುತ್ತಿತ್ತು. ಮಾವ ಅದನ್ನು ಹಚ್ಚುವಾಗ ಪಂಪು ಹಿಡಿದು ಕೂತವಳು ಅವಳೇ. ಅವಳು ಟ್ಯೂಬನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ತನ್ನ ಕಾಲುಗಳನ್ನು ನೋಡಿಕೊಂಡಳು.

ಇದನ್ನು ಸುತ್ತಿದವರು ಯಾರು ಎಂದು ಸಾಹೇಬರು ಕೇಳಿದರು. ಮೇಸ್ತ್ರಿ, “ಹಳೇದ್ರಿ, ಯಾವ ಕಾಲದ್ದೋ” ಎಂದ. ನಾನು ಗಟಾರದಲ್ಲೇ ನಿಂತಿದ್ದೆ. ಎರಡೇ ದಿನದಲ್ಲಿ ಹೊಸ ಪೈಪು ಗಟಾರ ಬಿಟ್ಟು ಆಚೆಯಿಂದ ಬಂತು. ಎರಡು ದಿನದ ಕೆಲಸವಾಗಿತ್ತು ಅದು.

ಓಣಿ ತಿರುಗಿದ್ದು ನನ್ನ ಮೇಲಲ್ಲ. ಇಳಕಲ್ಲವ್ವ ಅಲ್ಲಿಯೇ ಎಲ್ಲರ ಮುಂದೆ ಅಕ್ಕನ ಎದುರು ಬಂದು ನಿಂತಳು.

“ನೀನ ಬಂದು ಹೇಳಿದೆಲ್ಲವಾ, ನೀರು ಚಲೋ ಐತಿ ಅಂತ. ನಿನ್ನ ಮಾತು ನಂಬಿ ಕಾಸೂದ ಬಿಟ್ಟೆ.”

“ಹೌದವಾ,” ಎಂದಳು ಅಕ್ಕ. “ನಾನ ಹೇಳಿದ್ದು.”

ಅಷ್ಟೇ ಹೇಳಿದಳು. ತಮ್ಮ ಎಂಬ ಶಬ್ದ ಅವಳ ಬಾಯಿಂದ ಬರಲಿಲ್ಲ.

ಸಂಜೆ ಪುಸ್ತಕ ಮತ್ತು ಪೆನ್ನು ನನ್ನ ಮುಂದಿಟ್ಟಳು. ಗುಂಡು ಅಕ್ಷರದಲ್ಲಿ ಬರೆದಿದ್ದಳು: ‘ಇಪ್ಪತ್ತನೆಯ ಮನೆಯ ಮುಂದೆ ಕುಡಿಯುವ ನೀರಿನ ಪೈಪು ಗಟಾರದಲ್ಲಿ ಒಡೆದಿತ್ತು. ಮೊದಲು ಕಂಡವರ ಸಹಿ.’ ಅದರ ಕೆಳಗೆ ಜಾಗ ಬಿಟ್ಟಿದ್ದಳು. ಕೆಲಸ ಹೋಗುತ್ತದೆ ಅಕ್ಕಾ ಎಂದೆ.

“ಗೊತ್ತೈತಿ. ಅಂಜಿಕಿ ನಿಂದು,” ಎಂದು ಕಾಯ್ದಳು. ಉಳಿದ ಅರ್ಧ ಮಾತು ಹೇಳಲಿಲ್ಲ. ನಾಳೆ ಮಾಡುತ್ತೇನೆ ಎಂದೆ. ಅವಳು ಮತ್ತೆಂದೂ ಕೇಳಲಿಲ್ಲ. ದಿನಾ ನನ್ನ ತಾಟಿಗೆ ಮೊದಲ ಬಿಸಿ ರೊಟ್ಟಿ ಹಾಕುವುದನ್ನು ಬಿಡಲೂ ಇಲ್ಲ. ಬೈದಿದ್ದರೆ ಇಷ್ಟು ಅಂಜುತ್ತಿರಲಿಲ್ಲ. ಆ ರೊಟ್ಟಿ ಮುರಿಯಲು ನನಗೆ ಕೈ ಬರುತ್ತಿರಲಿಲ್ಲ.

ಮುಂದಿನ ತಿಂಗಳು ಅಕ್ಕ ಮತ್ತೆ ಬಟ್ಟಲು ತುಂಬಿಕೊಂಡು ಓಣಿ ಕರೆಯಲು ಹೋದಳು. ಯಾರೂ ಜಗಳ ತೆಗೆಯಲಿಲ್ಲ. ಹೊಸ್ತಿಲ ಒಳಗೆ ನಿಂತು ಕೈ ಚಾಚಿ ಸಕ್ಕರೆ ಈಸಿಕೊಂಡರು. ಯಾರೂ ತಂಬಿಗೆ ತರಲಿಲ್ಲ, ಒಂದು ಮನೆಯಲ್ಲೂ ತರಲಿಲ್ಲ. ಮನೆಗೆ ಬಂದವಳೇ ಅಡುಗೆಮನೆಯಲ್ಲಿ ನಿಂತು ಎರಡು ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿದಳು. ಅವಳಿಗೆ ಬಾಯಾರಿಕೆ ಆಗುತ್ತಿತ್ತೆಂದು ನನಗೆ ಹೊಳೆದದ್ದು ಆಗಲೇ.

ಎರಡು ವರ್ಷ ಹಾಗೆಯೇ ಹೋದಳು. ಸಭೆಗೆ ಬರುವವರು ಇಬ್ಬರು ಮೂವರಾದರು. ಪೌರಾಯುಕ್ತರಿಗೆ ವರ್ಗವಾಯಿತು. ಕಳೆದ ವರ್ಷ ರೊಟ್ಟಿ ಬಡಿಯುತ್ತಿರುವಾಗಲೇ ಎದೆ ಹಿಡಿದುಕೊಂಡು ಒರಗಿದಳು. ರೊಟ್ಟಿ ಬಡಿಯುವ ಮರದ ಕೊಣಮಿಗೆಯಲ್ಲಿ ಬಡಿದ ಅರ್ಧ ರೊಟ್ಟಿ ಹಾಗೆಯೇ ಇತ್ತು.

ಈಗ ಮತ್ತೊಬ್ಬರು ಪೌರಾಯುಕ್ತರು ಬಂದಿದ್ದಾರೆ. ಓಣಿಯ ಸಂಘಗಳನ್ನು ಮತ್ತೆ ಎಬ್ಬಿಸಬೇಕು, ಬರುವ ಬುಧವಾರ ಹಳೆಯ ಪುಸ್ತಕದೊಂದಿಗೆ ಬನ್ನಿ ಎಂದು ಪತ್ರ ಬಂತು. ಪತ್ರ ಬಂದದ್ದು ಅಕ್ಕನ ಹೆಸರಿಗೆ. ಟ್ರಂಕು ತೆಗೆದು ಪುಸ್ತಕ ಬಿಚ್ಚಿದೆ. ಆ ಒಂದು ಪುಟವನ್ನಷ್ಟೇ ನೋಡಬೇಕೆಂದಿದ್ದೆ. ನೋಡಿದರೆ ಆ ತಿಂಗಳ ನಂತರ ಪ್ರತಿ ತಿಂಗಳ ಪುಟದ ಕೊನೆಗೂ ಅದೇ ಸಾಲು. ಮೊದಲು ಕಂಡವರ ಸಹಿ. ಕೆಳಗೆ ಅಷ್ಟೇ ಜಾಗ. ಎದುರಿನ ಪುಟದಲ್ಲಿ ನಗರಸಭೆಯವರು ಪ್ರತಿ ಸಲ ‘ಬಾಕಿ’ ಎಂದು ಬರೆದಿದ್ದರು. ಎರಡು ವರ್ಷ ಅವಳು ನನಗಾಗಿ ಜಾಗ ಬಿಟ್ಟುಕೊಂಡೇ ಬಂದಿದ್ದಳು.

ಮೇಸ್ತ್ರಿ ಇನ್ನೂ ಇದ್ದಾನೆ. ಬುಧವಾರ ಸಾಹೇಬರ ಹಿಂದೆ ಅವನೇ ನಿಂತಿರುತ್ತಾನೆ. ನನಗೆ ಬೇರೆ ಕೆಲಸ ಬರುವುದಿಲ್ಲ. ಆದರೆ ಪುಸ್ತಕಕ್ಕೆ ಗುಟ್ಟಾಗಿ ಸಹಿ ಮಾಡಿ ಒಯ್ದುಕೊಟ್ಟರೆ ಅದು ನಗರಸಭೆಗೆ ಹೇಳಿದ್ದಾಯಿತು, ಓಣಿಗೆ ಹೇಳಿದ್ದಾಗುವುದಿಲ್ಲ. ಅಕ್ಕನ ಮೇಲೆ ಬಾಗಿಲು ಹಾಕಿದ್ದು ಓಣಿ.

ನಿನ್ನೆ ಬೆಳಿಗ್ಗೆ ಪಾಳಿಯ ನೀರು ಬಿಟ್ಟು ಬಂದು ಸ್ಟೀಲಿನ ಬಟ್ಟಲು ತೊಳೆದು ಸಕ್ಕರೆ ತುಂಬಿಕೊಂಡೆ. ಕಡೆಯ ಮನೆಯಿಂದಲೇ ಶುರುಮಾಡಿದೆ. ಕಟ್ಟೆಯ ಮೇಲೆ ಆ ಮೊಮ್ಮಗಳು ಕೂತು ಮಗ್ಗಿ ಬರೆಯುತ್ತಿದ್ದಳು. ಇಳಕಲ್ಲವ್ವ ಹೊಸ್ತಿಲಲ್ಲಿ ನಿಂತು ಅಂಗೈ ಚಾಚಿದಳು.

“ಸಕ್ಕರಿ ಆಮ್ಯಾಲೆ ಅವ್ವಾ,” ಎಂದೆ. “ಆ ಪೈಪು ಒಡೆದದ್ದು ಮೊದಲ ಕಂಡಾವ ನಾನು. ಟ್ಯೂಬ್ ಸುತ್ತಿದಾವನೂ ನಾನು. ಏನೂ ಇಲ್ಲಂತ ಅಕ್ಕಗ ಸುಳ್ಳು ಹೇಳಿದೆ. ಆಕಿ ನನ್ನ ಮಾತು ನಿಮಗ ಹೇಳಿದಳು.”

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಒಳಗೆ ಹೋದಳು. ಒಳಗೆ ಪಾತ್ರೆ ಸದ್ದಾಯಿತು. ಮಗನನ್ನು ಕರೆಯುತ್ತಾಳೆ, ಇಲ್ಲವೇ ಕೈಗೆ ಏನಾದರೂ ತರುತ್ತಾಳೆ ಎಂದುಕೊಂಡೆ. ಓಡಬೇಕೆನಿಸಿತು. ಮೊಮ್ಮಗಳು ಮಗ್ಗಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಇಳಕಲ್ಲವ್ವ ಬಂದಳು. ಕೈಯಲ್ಲಿ ನೀರು ತುಂಬಿದ ತಂಬಿಗೆ.

“ಹಿಡಿ. ಮುಂಜಾನಿ ನೀನ ಬಿಟ್ಟ ನೀರು. ಕುಡಿ.”

ಕುಡಿದೆ. ಹಲ್ಲು ತಂಬಿಗೆಯ ಅಂಚಿಗೆ ತಾಗಿ ಸದ್ದಾಯಿತು. ಅವಳು ನನ್ನನ್ನು ನೋಡದೆ ಓಣಿಯ ಕಡೆ ನೋಡುತ್ತಿದ್ದಳು.

“ಎರಡು ವರ್ಷ ಆಕಿ ಬಂದಾಗೊಮ್ಮೆ ಒಂದು ಗುಟುಕು ನೀರು ಕೊಡದ ಬರೇ ಬಾಯೀಲೆ ಕಳಿಸೀನಿ,” ಎಂದಳು. “ಅದನ್ನ ಯಾವ ಪುಸ್ತಕದಾಗ ಬರೀಲಿ?”

ತಂಬಿಗೆ ಮರಳಿ ಕೊಟ್ಟೆ. ಅವಳು ಆಗ ಅಂಗೈ ಚಾಚಿದಳು. ಒಂದು ಚಮಚ ಸಕ್ಕರೆ ಹಾಕಿದೆ, ಅರ್ಧ ನೆಲಕ್ಕೆ ಬಿತ್ತು.

“ಬುಧವಾರ ಬರ್ತೇನಿ. ನೀ ಸಹಿ ಮಾಡೂದು ನಾ ಕಣ್ಣಾರೆ ಕಾಣಬೇಕು,” ಎಂದಳು. “ಇನ್ನ ಇಪ್ಪತ್ತಾರು ಮನಿ ಅದಾವು. ನಡಿ.”

ಕಟ್ಟೆ ಇಳಿದೆ. ಬಟ್ಟಲಿಗೆ ಚಮಚ ತಾಗುತ್ತಲೇ ಇತ್ತು. ಬಗಲ ಮನೆಯ ಬಾಗಿಲು ನಾನು ತಟ್ಟುವ ಮೊದಲೇ ತೆರೆಯಿತು.